ಓಣಿ ಮಕ್ಕಳಿಗೆ ಅಡುಗೆ, ಕೈಕೆಲಸದ ಬೇಸಿಗೆ ಕ್ಲಾಸು: ಶುರು ಮಾಡೋದು ಹೇಗೆ

ಶಾಲೆಗೆ ರಜೆ ಬಿಟ್ಟ ಮಾರನೇ ದಿನದಿಂದಲೇ ನಮ್ಮ ಓಣಿಯಲ್ಲಿ ತಾಯಂದಿರಿಗೆ ಚಿಂತೆ ಶುರುವಾಗುತ್ತದೆ. ಹೊರಗೆ ಬಿಟ್ಟರೆ ಬಿಸಿಲು, ಒಳಗೆ ಇಟ್ಟುಕೊಂಡರೆ ಮೊಬೈಲು. ಕೊಪ್ಪಳದ ಬಿಸಿಲು ಗೊತ್ತಲ್ವಾ? ಏಪ್ರಿಲ್ ತಿಂಗಳಲ್ಲಿ ಹನ್ನೊಂದು ಗಂಟೆಗೆಲ್ಲ ತೊಟ್ಟಿಯ ನೀರು ಕೈ ಸುಡುತ್ತದೆ. ನಾನು ಬ್ಲೌಸ್ ಹೊಲಿಯುವವಳು, ಟೀಚರ್ ಅಲ್ಲ. ನನ್ನ ಮಿಷನ್ ಪಕ್ಕ ಬಂದು ಕೂತು ಬಟ್ಟೆ ಚೂರು ಕೇಳುತ್ತಿದ್ದ ನಾಲ್ಕು ಮಕ್ಕಳಿಂದ ಈ ಕ್ಲಾಸು ಹುಟ್ಟಿತು. ಈಗ ಏಳು ಬೇಸಿಗೆ ಆಯಿತು. ಪ್ರತಿ ವರ್ಷ ಹತ್ತು ದಿನ, ಬೆಳಿಗ್ಗೆ ಏಳೂವರೆಯಿಂದ ಹತ್ತರವರೆಗೆ, ನಮ್ಮ ಮನೆಯ ಪಡಸಾಲೆಯಲ್ಲಿ.

ಬೇರೆ ಊರಿನ ಗೆಳತಿಯರು "ನಾವೂ ಮಾಡಬೇಕು, ಹೇಗೆ ಅಂತ ಬರೆದುಕೊಡು" ಅಂತ ಕೇಳುತ್ತಲೇ ಇದ್ದರು. ಅದಕ್ಕೇ ಇದನ್ನು ಕೂತು ಬರೆದಿದ್ದೇನೆ. ದೊಡ್ಡ ಹಾಲ್ ಬೇಡ, ಓವನ್ ಬೇಡ, ಪೇಟೆಯ ಕ್ರಾಫ್ಟ್ ಕಿಟ್ ಬೇಡ. ಆದರೆ ತಯಾರಿ ಬೇಕು. ಮಕ್ಕಳು ಎರಡೂವರೆ ಗಂಟೆ ಮಾಡುವ ಕೆಲಸಕ್ಕೆ ನಾನು ಹಿಂದಿನ ರಾತ್ರಿ ಎರಡು ಗಂಟೆ ಕೂರುತ್ತೇನೆ. ಹಾಗೆ ಕೂತರೆ ಮಾತ್ರ ಬೆಳಿಗ್ಗೆ ನನ್ನ ಕೈ ಸುಮ್ಮನಿರುತ್ತದೆ, ಅವರ ಕೈ ಕೆಲಸ ಮಾಡುತ್ತದೆ.

ಎಷ್ಟು ಮಕ್ಕಳು, ಎಷ್ಟು ದೊಡ್ಡವರು

ಹನ್ನೆರಡು ಮಕ್ಕಳು. ಅದಕ್ಕಿಂತ ಜಾಸ್ತಿ ತಗೊಳ್ಳಬೇಡಿ. ಎರಡನೇ ವರ್ಷ ಯಾರಿಗೂ ಇಲ್ಲ ಅನ್ನಲಾಗದೆ ಇಪ್ಪತ್ತೆರಡು ಮಕ್ಕಳನ್ನು ಸೇರಿಸಿಕೊಂಡಿದ್ದೆ. ಆ ಹತ್ತು ದಿನ ನಾನು ಕಲಿಸಲಿಲ್ಲ, ಬರೀ ಕಾವಲು ಕಾದೆ. ಹನ್ನೆರಡು ಮಕ್ಕಳಿಗೆ ಇಬ್ಬರು ದೊಡ್ಡವರು ಇರಲೇಬೇಕು. ಒಬ್ಬರು ಮಕ್ಕಳ ನಡುವೆ, ಇನ್ನೊಬ್ಬರು ಒಲೆಯ ಹತ್ತಿರ. ನಮ್ಮಲ್ಲಿ ಒಲೆ ಹತ್ತಿರ ನಿಲ್ಲುವವರು ಪಕ್ಕದ ಮನೆಯ ಅತ್ತಿಗೆ. ಒಲೆ ಹೊತ್ತಿದೆ ಅಂದರೆ ಅವರು ಫೋನ್ ಬಂದರೂ ಅಲ್ಲಾಡುವುದಿಲ್ಲ.

ಆರರಿಂದ ಎಂಟು ವರ್ಷದವರು ಒಂದು ಗುಂಪು, ಒಂಬತ್ತರಿಂದ ಹನ್ನೆರಡರವರು ಇನ್ನೊಂದು. ಕೂರುವುದು ಬೆರೆತು ಕೂರಲಿ, ಕೆಲಸ ಬೇರೆ ಬೇರೆ. ಚಿಕ್ಕವರಿಗೆ ಹಿಸುಕುವುದು, ತಿಕ್ಕುವುದು, ಉಂಡೆ ಕಟ್ಟುವುದು, ಹರಿಯುವುದು. ದೊಡ್ಡವರಿಗೆ ಹೆಚ್ಚುವುದು, ಅಳೆಯುವುದು, ಹೊಲಿಯುವುದು, ಬಡಿಯುವುದು.

ಹೆಸರು ಬರೆಸಲು ಬಂದ ತಂದೆ ತಾಯಿಗೆ ನಾನು ಮೂರು ಪ್ರಶ್ನೆ ಕೇಳುತ್ತೇನೆ, ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಮಗು ಏನು ತಿನ್ನಬಾರದು? ಯಾವ ಕೈಯಲ್ಲಿ ಬರೆಯುತ್ತದೆ? ಕರೆದುಕೊಂಡು ಹೋಗಲು ಯಾರು ಬರುತ್ತಾರೆ? ಮೊದಲನೆಯದು ತುಂಬ ಮುಖ್ಯ. ನಮ್ಮ ಅರ್ಧ ಅಡುಗೆ ಶೇಂಗಾದ್ದು. ಶೇಂಗಾ ಆಗದ ಮಗುವಿಗೆ ಬಾಯಿ ಊದಿಕೊಳ್ಳಬಹುದು, ಉಸಿರು ಕಟ್ಟಬಹುದು. ಅಂಥ ಮಗು ಒಂದೇ ಇದ್ದರೂ ಆ ವರ್ಷ ಇಡೀ ಕ್ಲಾಸಿಗೆ ಶೇಂಗಾ ಬೇಡ. ಪುಟಾಣಿ (ಹುರಿಗಡಲೆ) ಇದೆ, ಎಳ್ಳಿದೆ, ಅದರಲ್ಲೇ ಉಂಡಿ ಆಗುತ್ತದೆ. ಎಳ್ಳೂ ಆಗುತ್ತದಾ ಅಂತ ಅವರ ಮನೆಯವರನ್ನೇ ಕೇಳಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ತಿನ್ನದ ಮನೆಗಳೂ ಇರುತ್ತವೆ. ಅವರ ಪಾಲು ಮೊದಲೇ ಎತ್ತಿಟ್ಟರೆ ಆಯಿತು. ಮೊಟ್ಟೆಯ ಅಡುಗೆ ನಾನು ಇಟ್ಟುಕೊಂಡೇ ಇಲ್ಲ.

ಹತ್ತು ದಿನಕ್ಕೆ 600 ರೂಪಾಯಿ ತಗೊಳ್ಳುತ್ತೇನೆ. ಸಾಮಾನಿಗೆ ಒಂದು ಮಗುವಿಗೆ ದಿನಕ್ಕೆ 25ರಿಂದ 30 ರೂಪಾಯಿ ಬೀಳುತ್ತದೆ. ಉಳಿದ ದುಡ್ಡಿನಲ್ಲಿ ಕೊಡಲು ಆಗದವರ ಮಕ್ಕಳನ್ನು ಕೂರಿಸಿಕೊಳ್ಳುತ್ತೇನೆ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಅನ್ನುವುದು ನನ್ನ ನೋಟ್‌ಬುಕ್ಕಿಗೆ ಮಾತ್ರ ಗೊತ್ತಿರಬೇಕು.

ಮೊದಲ ಮೂರು ದಿನ ಒಲೆ ಹಚ್ಚಬೇಡಿ

ಮಕ್ಕಳು ಬಂದ ಕೂಡಲೇ "ಇವತ್ತು ಏನು ಮಾಡ್ತೀವಿ ಅಕ್ಕಾರ" ಅಂತ ಒಲೆ ಕಡೆ ನೋಡುತ್ತಾರೆ. ತಡೆಯಿರಿ. ಯಾರ ಕೈ ಹೇಗಿದೆ, ಯಾರು ಮಾತು ಕೇಳುತ್ತಾರೆ, ಯಾರು ಓಡಾಡುತ್ತಾರೆ ಅನ್ನುವುದು ನಿಮಗೆ ತಿಳಿಯಲು ಮೂರು ದಿನ ಬೇಕು.

ಮೊದಲ ದಿನ ಲಿಂಬೆಹಣ್ಣಿನ ಪಾನಕ. ಪ್ರತಿ ಮಗುವಿಗೂ ಒಂದು ಲೋಟ, ಅರ್ಧ ಹಣ್ಣು, ಎರಡು ಚಮಚ ಕುಟ್ಟಿದ ಬೆಲ್ಲ, ಒಂದು ಚಿಟಿಕೆ ಉಪ್ಪು. ಎಲ್ಲರಿಗೂ ಒಂದೇ ಸಾಮಾನು ಕೊಟ್ಟರೂ ಹನ್ನೆರಡು ಲೋಟದಲ್ಲಿ ಹನ್ನೆರಡು ರುಚಿ ಬರುತ್ತದೆ. ಒಬ್ಬಳು ಹಣ್ಣನ್ನು ನೆಲಕ್ಕೆ ಒತ್ತಿ ಉರುಳಿಸಿ ಹಿಂಡಿರುತ್ತಾಳೆ, ಅವಳದು ಹುಳಿ ಜಾಸ್ತಿ. ಇನ್ನೊಬ್ಬ ಬೆಲ್ಲ ಕರಗುವವರೆಗೆ ತಿರುವಿರುವುದಿಲ್ಲ, ಅವನದು ಮೇಲೆ ಸಪ್ಪೆ, ತಳದಲ್ಲಿ ಸಿಹಿ. ಅವರೇ ರುಚಿ ನೋಡಿ ಸರಿ ಮಾಡಿಕೊಳ್ಳಲಿ. "ಉಪ್ಪು ಕಡಿಮೆ ಆಗಿದೆ" ಅಂತ ನೀವು ಹೇಳಬೇಡಿ. "ಏನು ಬೇಕು ಅನಿಸುತ್ತದೆ?" ಅಂತ ಕೇಳಿ. ಎರಡನೇ ದಿನ ಹೆಸರುಬೇಳೆ ಕೋಸಂಬರಿ. ಬೇಳೆ ನೆನೆಹಾಕುವ ಕೆಲಸ ನಿಮ್ಮದು. ಸೌತೆಕಾಯಿ ಹೆಚ್ಚಲು ಈಳಿಗೆ ಕೊಡಲೇಬೇಡಿ. ಮೊಂಡ ಚಾಕು ಸಾಕು, ಕಾಯಿಯನ್ನು ಮೊದಲೇ ಉದ್ದಕ್ಕೆ ಸೀಳಿ ಚಪ್ಪಟೆ ಬದಿ ಕೆಳಗೆ ಮಾಡಿ ಕೊಡಿ. ಉರುಳದ ಕಾಯಿಯನ್ನು ಹೆಚ್ಚಿದರೆ ಬೆರಳು ಉಳಿಯುತ್ತದೆ.

ಮೂರನೇ ದಿನ ಶೇಂಗಾ ಉಂಡಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ಇದರಲ್ಲಿ ಪ್ರತಿ ಮಗುವಿಗೂ ಕೆಲಸ ಸಿಗುತ್ತದೆ. ಅರ್ಧ ಕಿಲೋ ಶೇಂಗಾ ಹಿಂದಿನ ರಾತ್ರಿ ಸಣ್ಣ ಉರಿಯಲ್ಲಿ ಹುರಿದಿಟ್ಟುಕೊಳ್ಳಿ. ಬೆಳಿಗ್ಗೆ ಚಿಕ್ಕವರು ಎರಡು ಅಂಗೈ ನಡುವೆ ತಿಕ್ಕಿ ಸಿಪ್ಪೆ ಬಿಡಿಸುತ್ತಾರೆ. ದೊಡ್ಡವರು ಮೊರದಲ್ಲಿ ಹಾಕಿ ಕೇರುತ್ತಾರೆ. ಕೇರಲು ಬಾರದಿದ್ದರೆ ಕಟ್ಟೆ ಮೇಲೆ ನಿಂತು ಎತ್ತರದಿಂದ ಸುರಿಯಲಿ, ಬೆಳಗಿನ ಗಾಳಿಗೆ ಸಿಪ್ಪೆ ಹಾರಿ ಹೋಗುತ್ತದೆ. ಆ ಸಿಪ್ಪೆಯ ಹಿಂದೆ ಓಡುವುದೇ ಚಿಕ್ಕವರಿಗೆ ದೊಡ್ಡ ಆಟ. ಆಮೇಲೆ ಕುಟ್ಟುವುದು. ಮಿಕ್ಸಿ ಬೇಡ. ಮಿಕ್ಸಿಯಲ್ಲಿ ಒಂದು ಸುತ್ತು ಜಾಸ್ತಿಯಾದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಕುಟ್ಟಿದರೆ ಅರ್ಧ ಪುಡಿ, ಅರ್ಧ ತರಿ. ಉಂಡಿಗೆ ಬೇಕಾಗಿರುವುದೇ ಅದು. 300 ಗ್ರಾಂ ಬೆಲ್ಲ ಕೆರೆದು ಸೇರಿಸಿ, ಕೈಯಲ್ಲಿ ಚೆನ್ನಾಗಿ ತಿಕ್ಕಿ. ಪಾಕ ಬೇಕಿಲ್ಲ. ಅಂಗೈ ಬಿಸಿಗೆ ಶೇಂಗಾದ ಎಣ್ಣೆ ಬಿಟ್ಟು ಬೆಲ್ಲದ ಜೊತೆ ತಾನೇ ಹಿಡಿದುಕೊಳ್ಳುತ್ತದೆ. ಮೂವತ್ತು ಸಣ್ಣ ಉಂಡಿ ಆಗುತ್ತವೆ. ತಲಾ ಎರಡು ಮಕ್ಕಳಿಗೆ, ಉಳಿದದ್ದು ಓಣಿಯ ಅಜ್ಜಿಯರಿಗೆ. ಹಂಚಲು ಮಕ್ಕಳನ್ನೇ ಕಳಿಸಿ.

ರೊಟ್ಟಿ

ನಾಲ್ಕನೇ ದಿನ ಒಲೆ. ಒಲೆಯ ದಿನ ನಾನು ಮೊದಲು ಮಾಡುವ ಕೆಲಸ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವುದು. ಒಲೆಯಿಂದ ಒಂದು ಮೀಟರ್ ದೂರ. ಆ ಗೆರೆಯೊಳಗೆ ಒಂದು ಸಲಕ್ಕೆ ಒಂದೇ ಮಗು, ಅದೂ ಅತ್ತಿಗೆ ಕರೆದಾಗ. ಗ್ಯಾಸ್ ಒಲೆಯನ್ನು ಮಕ್ಕಳಿಗೆ ಕಾಣಲಿ ಅಂತ ನೆಲದ ಮೇಲೆ ಇಡಬೇಡಿ. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೇ ಹರಡಿಕೊಳ್ಳುತ್ತದೆ. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿ, ಕಟ್ಟೆಯ ಮೇಲೆ ಇರಲಿ. ಮಗುವಿಗೆ ನಿಲ್ಲಲು ಅಗಲವಾದ, ಅಲ್ಲಾಡದ ಮಣೆ ಕೊಡಿ. ಕೂದಲು ಕಟ್ಟಿರಬೇಕು, ದುಪಟ್ಟಾ ಇರಬಾರದು, ತೋಳು ಮಡಚಿರಬೇಕು. ಫ್ಯಾನು ಬಂದ್.

ಜೋಳದ ರೊಟ್ಟಿ ನಮ್ಮ ಮಕ್ಕಳಿಗೆ ಹೊಸದಲ್ಲ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಊರೂರಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ ಬರುವುದನ್ನು ಅವರು ನೋಡಿದ್ದಾರೆ, ದಾಸೋಹದಲ್ಲಿ ಕೂತು ಉಂಡಿದ್ದಾರೆ. ಆದರೆ ಹಿಟ್ಟು ಮುಟ್ಟಿದ ಮಕ್ಕಳು ಕಡಿಮೆ. "ಹಿಟ್ಟು ಹಾಳು ಮಾಡ್ತಾವೆ" ಅಂತ ಮನೆಯಲ್ಲಿ ಓಡಿಸುತ್ತಾರೆ.

ಹಿಟ್ಟು ಹೊಸದಾಗಿರಬೇಕು. ಒಂದು ವಾರದ ಒಳಗೆ ಬೀಸಿದ್ದು. ಹಳೇ ಹಿಟ್ಟಿಗೆ ಜಿಗಿ ಇರುವುದಿಲ್ಲ, ದೊಡ್ಡವರಿಗೇ ರೊಟ್ಟಿ ಹರಿಯುತ್ತದೆ, ಮಕ್ಕಳಿಗೆ ಹೇಗೆ ಬಂದೀತು? ಗೋಧಿಯಲ್ಲಿ ಇರುವ ಅಂಟು ಜೋಳದಲ್ಲಿ ಇಲ್ಲ. ಅದಕ್ಕೇ ಎಸರು ಬೇಕು. ಕುದಿಯುವ ನೀರು ಬಿದ್ದಾಗ ಹಿಟ್ಟು ಸ್ವಲ್ಪ ಬೆಂದು ಅಂಟು ಬಿಡುತ್ತದೆ. ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲು ಬಟ್ಟಲು ಎಸರು, ಉಳಿದದ್ದು ಕೈನೀರು. ಎಸರು ಹಾಕಿ ಕಟ್ಟಿಗೆಯ ಸೌಟಿನಲ್ಲಿ ಕಲಸುವುದು ದೊಡ್ಡವರ ಕೆಲಸ. ಮುಟ್ಟುವಷ್ಟು ಆರಿದ ಮೇಲೆ ಮಕ್ಕಳ ಕೈಗೆ.

ಎಲ್ಲ ಮಕ್ಕಳಿಗೂ ಒಂದೇ ಪರಾತ ಕೊಡಬೇಡಿ. ನಿಂಬೆಹಣ್ಣಿನ ಗಾತ್ರದ ಒಂದೊಂದು ಉಂಡೆ, ತಟ್ಟೆಯ ಮೇಲೆ ಒಂದು ಹಿಡಿ ಒಣಹಿಟ್ಟು. ನಾದುವಾಗ "ಅಂಗೈ ಬುಡದಿಂದ ಮುಂದಕ್ಕೆ ತಳ್ಳು, ಬೆರಳಿಂದ ಹಿಂದಕ್ಕೆ ಎಳಿ" ಅಂತ ಹೇಳಿ. ಉಂಡೆ ಅಂಚು ಬಿರಿಯುತ್ತಿದ್ದರೆ ಇನ್ನೂ ನಾದಬೇಕು. ಬಡಿಯುವಾಗ ಎಲ್ಲ ಮಕ್ಕಳೂ ಒಂದೇ ತಪ್ಪು ಮಾಡುತ್ತಾರೆ, ನಡುವೆ ಬಡಿಯುತ್ತಾರೆ. ನಡುವೆ ಬಡಿದರೆ ನಡುವೆ ತೆಳ್ಳಗಾಗಿ ತೂತು. ಅಂಚಿಗೆ ಬಡಿಯಬೇಕು, ಬಡಿಯುತ್ತ ತಿರುಗಿಸಬೇಕು. ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ನಾನು ಅವರ ಎದುರು ಕೂತು ನನ್ನದೊಂದು ಪುಟ್ಟ ರೊಟ್ಟಿ ಬಡಿಯುತ್ತೇನೆ, ಅಷ್ಟೇ. ಐದು ನಿಮಿಷದಲ್ಲಿ ಪಡಸಾಲೆ ತುಂಬ ಟಪ್ ಟಪ್ ಸದ್ದು ಒಂದೇ ತಾಳಕ್ಕೆ ಬರುತ್ತದೆ. ಪೂರಿಯಷ್ಟು ಅಗಲವಾದರೆ ಸಾಕು. ದೊಡ್ಡ ರೊಟ್ಟಿಯ ಆಸೆ ಬೇಡ, ಎತ್ತಿ ಹಾಕುವಾಗ ಮುರಿದು ಮಗು ಅಳುತ್ತದೆ.

ಹಂಚಿನ ಮೇಲೆ ಹಾಕುವವರು ಅತ್ತಿಗೆ. ಹತ್ತು ವರ್ಷ ದಾಟಿದವರು ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾರೆ, ಉದ್ದ ಹಿಡಿಯ ಸೌಟಿನಿಂದ ತಿರುವುತ್ತಾರೆ. ಒಳಗಿನ ನೀರು ಆವಿಯಾಗಿ ರೊಟ್ಟಿ ಉಬ್ಬಿದಾಗ ಮಗುವಿನ ಮುಖ ನೋಡಬೇಕು ನೀವು. ಆದರೆ ಆ ಆವಿ ಕೆಟ್ಟದ್ದು, ಸೌಟು ತಾಗಿ ರೊಟ್ಟಿ ಒಡೆದರೆ ಕೈಗೆ ಹೊಡೆಯುತ್ತದೆ. ಉಬ್ಬಿದ ಮೇಲೆ ಮುಟ್ಟುವುದು ಅತ್ತಿಗೆ ಮಾತ್ರ.

ರೊಟ್ಟಿಯ ದಿನ ಒಬ್ಬ ಅಜ್ಜ ಬಾಗಿಲಲ್ಲಿ ನಿಂತು ಕೇಳಿದರು. "ಗಂಡ ಹುಡುಗಗ ರೊಟ್ಟಿ ಬಡಿಯಾಕ ಕಲಿಸ್ತೀಯೇನವಾ?" ಹೌದ್ರಿ ಅಂದೆ. ಅವರ ಮೊಮ್ಮಗ ಅಷ್ಟರಲ್ಲಿ ತನ್ನ ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಎಣ್ಣೆ ಹಚ್ಚಿ ತಂದು ಅಜ್ಜನ ಕೈಗೆ ಕೊಟ್ಟ. ಅವರು ಕಟ್ಟೆ ಮೇಲೆ ಕೂತು ತಿಂದರು. ಮರುದಿನ ತಾವೇ ಅವನನ್ನು ಕರೆದುಕೊಂಡು ಬಂದರು.

ಇನ್ನೊಂದು ವಿಷಯ, ಇದನ್ನು ನಾನು ತಡವಾಗಿ ಕಲಿತೆ. ನಮ್ಮ ಕಡೆ ಬೇಸಿಗೆಯಲ್ಲಿ ಎಷ್ಟೋ ಮನೆಯವರು ದುಡಿಯಲು ಬೇರೆ ಊರಿಗೆ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ. ಅಂಥ ಒಂದು ಹುಡುಗಿ, ಒಂಬತ್ತು ವರ್ಷದವಳು, ನಾಲ್ಕನೇ ದಿನ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಅಕ್ಕಾರ, ನಾ ಇವತ್ತ ಒಲಿ ಕಡೆ ಬರಂಗಿಲ್ರಿ. ಬಣ್ಣ ಹಚ್ತೀನ್ರಿ." ಅವಳ ರೊಟ್ಟಿ ನನಗಿಂತ ಚೆಂದ ಬರುತ್ತದೆ ಅಂತ ಆಮೇಲೆ ಗೊತ್ತಾಯಿತು. ಮನೆಯಲ್ಲಿ ದಿನಾ ಅವಳೇ ಬಡಿಯುತ್ತಾಳೆ. ಬೇರೆ ಮಕ್ಕಳಿಗೆ ಆಟವಾಗಿರುವ ಒಲೆ ಅವಳಿಗೆ ದಿನದ ದುಡಿಮೆ. ಹಾಗಾಗಿ ಈಗ ಅಡುಗೆ ದಿನವೂ ಒಂದು ಮೂಲೆಯಲ್ಲಿ ಬಣ್ಣ, ಕಾಗದ, ಬಟ್ಟೆ ಚೂರು ಇಟ್ಟಿರುತ್ತೇನೆ. ಯಾರು ಬೇಕಾದರೂ ಹೋಗಿ ಕೂರಬಹುದು, ಕಾರಣ ಕೇಳುವುದಿಲ್ಲ. "ನಿನಗೆ ಚೆನ್ನಾಗಿ ಬರುತ್ತಲ್ಲ, ಬೇರೆಯವರಿಗೆ ಹೇಳಿಕೊಡು" ಅಂತ ಇಂಥ ಮಕ್ಕಳ ಮೇಲೆ ಮತ್ತೆ ಕೆಲಸ ಹೊರಿಸಬೇಡಿ, ದಯವಿಟ್ಟು.

ಮಣ್ಣಿನ ಎತ್ತು

ಕೈಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಕಾರಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ, ಅವತ್ತು ಮನೆಯಲ್ಲಿ ಮಣ್ಣಿನ ಎತ್ತುಗಳನ್ನು ಪೂಜಿಸುತ್ತೇವೆ. ಈಗ ಹೆಚ್ಚಿನವರು ಮಾಡಿದ ಎತ್ತುಗಳನ್ನೇ ಸಂತೆಯಿಂದ ತರುತ್ತಾರೆ. ಮಕ್ಕಳ ಕೈಯಲ್ಲೇ ಆಗಲಿ ಅನ್ನುವುದು ನನ್ನ ಆಸೆ.

ಬರೀ ಎರೆ ಮಣ್ಣಿನಲ್ಲಿ (ಕಪ್ಪು ಮಣ್ಣಿನಲ್ಲಿ) ಮಾಡಿದರೆ ಎತ್ತು ಒಣಗುವಾಗ ಸೀಳುತ್ತದೆ. ಬೇಸಿಗೆಯಲ್ಲಿ ಎರೆ ಹೊಲ ಹೇಗೆ ಬಾಯಿ ಬಿಡುತ್ತದೆ, ನೋಡಿಲ್ವಾ? ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದಕ್ಕೆ ಎರಡು ಪಾಲು ಎರೆ ಮಣ್ಣಿಗೆ ಒಂದು ಪಾಲು ಮಸಾರಿ, ಅಂದರೆ ಕೆಂಪು ಮಣ್ಣು ಸೇರಿಸಿ. ಮಸಾರಿಯಲ್ಲಿರುವ ಮರಳು ಕುಗ್ಗುವುದನ್ನು ತಡೆಯುತ್ತದೆ. ಮಣ್ಣನ್ನು ಎರಡು ದಿನ ಮೊದಲೇ ಬಕೆಟ್ಟಿನಲ್ಲಿ ನೆನೆಹಾಕಿ. ಹಳೇ ಸೀರೆಯಲ್ಲಿ ಸೋಸಿ, ಇಲ್ಲದಿದ್ದರೆ ಸುಣ್ಣದ ಹರಳು, ಗಾಜಿನ ಚೂರು ಮಕ್ಕಳ ಬೆರಳಿಗೆ ಚುಚ್ಚುತ್ತವೆ. ಮೇಲಿನ ತಿಳಿನೀರು ಚೆಲ್ಲಿ, ಗಟ್ಟಿಯಾದ ಮೇಲೆ ಒಂದು ಹಿಡಿ ಅರಳೆಯನ್ನು ಎಳೆ ಎಳೆ ಬಿಡಿಸಿ ನಾದಿ. ಅರಳೆಯ ನಾರು ಮಣ್ಣನ್ನು ಒಳಗಿಂದ ಹಿಡಿದುಕೊಳ್ಳುತ್ತದೆ. ಚಪಾತಿ ಹಿಟ್ಟಿನ ಹದಕ್ಕೆ ಬಂದರೆ ಸರಿ. ಬೆರಳಿಗೆ ಸುತ್ತಿದರೆ ಬಿರಿಯಬಾರದು.

ಮಗುವಿಗೆ ಕೊಡುವುದು ಒಂದು ದೊಡ್ಡ ಮುದ್ದೆ, ಐದು ಸಣ್ಣ ಉಂಡೆ. ದೊಡ್ಡದು ಮೈ, ನಾಲ್ಕು ಕಾಲು, ಒಂದು ತಲೆ. ಕೋಡು, ಇಣಿ (ಬೆನ್ನ ಮೇಲಿನ ಡುಬ್ಬ), ಬಾಲ ಎಲ್ಲ ಅವರೇ ಮೈಯಿಂದ ಎಳೆದು ಮಾಡಲಿ. ಕಾಲು ಗಿಡ್ಡ, ದಪ್ಪ ಇರಲಿ. ಅಂಟಿಸುವಾಗ ಎರಡೂ ಕಡೆ ಕಡ್ಡಿಯಿಂದ ಗೀರಿ, ನಡುವೆ ರಾಡಿ ಹಚ್ಚಿ ಒತ್ತಬೇಕು. ಸುಮ್ನೆ ಒತ್ತಿದ ಕಾಲು ಒಣಗಿದ ಮೇಲೆ ಕಳಚಿ ಬೀಳುತ್ತದೆ. ಕಣ್ಣಿಗೆ ಜೋಳದ ಕಾಳು. ಗುಲಗಂಜಿ ಚೆಂದ ಕಾಣುತ್ತದೆ, ಆದರೆ ಅದು ವಿಷ, ಮಕ್ಕಳು ಅಗಿದರೆ ಜೀವಕ್ಕೆ ಅಪಾಯ. ಮನೆಯಲ್ಲಿ ಇದ್ದರೂ ಈ ಕೆಲಸಕ್ಕೆ ತರಬೇಡಿ.

ಮಾಡಿದ ಎತ್ತನ್ನು ಬಿಸಿಲಿಗೆ ಇಡಬಾರದು. ನಮ್ಮ ಬಿಸಿಲಿಗೆ ಮೇಲಿನ ಪದರ ಒಂದು ಗಂಟೆಯಲ್ಲಿ ಒಣಗುತ್ತದೆ, ಒಳಗೆ ಹಸಿ ಇರುತ್ತದೆ, ಬಿರುಕು ಖಂಡಿತ. ಮೊದಲ ದಿನ ಮೇಲೆ ಹಸಿಬಟ್ಟೆ, ಆಮೇಲೆ ಮೂರು ದಿನ ನೆರಳು. ಬಣ್ಣ ಹಚ್ಚುವುದಾದರೆ ಸುಣ್ಣ ಬೇಡ, ಕೈ ಕಣ್ಣು ಸುಡುತ್ತದೆ. ನೀರಿನ ಪೋಸ್ಟರ್ ಬಣ್ಣ ಸಾಕು. ಬಾಗಿಲು ಕಿಟಕಿಗೆ ಹಚ್ಚುವ ಆಯಿಲ್ ಪೇಂಟ್ ಮಕ್ಕಳ ಹತ್ತಿರ ಬರಲೇಬಾರದು.

ಈಗ ಒಂದು ನೋವಿನ ಮಾತು. ಮೊದಲ ವರ್ಷ, ಎತ್ತು ಮಾಡಿಸಿದ ದಿನ ರಾತ್ರಿ ನಾನು ಒಬ್ಬಳೇ ಕೂತು ಎಲ್ಲ ಎತ್ತುಗಳನ್ನೂ "ಸರಿ" ಮಾಡಿದೆ. ಡೊಂಕು ಕಾಲು ನೆಟ್ಟಗೆ ಮಾಡಿದೆ, ಮೂತಿ ತಿದ್ದಿದೆ. ತಂದೆ ತಾಯಿ ನೋಡಿ ಖುಷಿಪಡಲಿ ಅಂತ. ಬೆಳಿಗ್ಗೆ ಒಬ್ಬ ಹುಡುಗ ತನ್ನ ಎತ್ತನ್ನು ತುಂಬ ಹೊತ್ತು ಹುಡುಕಿದ. ಇದೇ ನಿನ್ನದು ಅಂತ ತೋರಿಸಿದೆ. "ಅಲ್ರಿ ಅಕ್ಕಾರ. ನಮ್ಮ ಎತ್ತಿಗೆ ಒಂದ ಕೋಡ ಐತ್ರಿ." ಅವರ ಮನೆಯ ಎತ್ತಿಗೆ ಒಂದು ಕೋಡು ಮುರಿದಿತ್ತು. ಅವನು ಅದನ್ನೇ ನೋಡಿ, ನೆನಪಿಟ್ಟು ಮಾಡಿದ್ದ. ನಾನು ಮರೆತಿದ್ದಾನೆ ಅಂದುಕೊಂಡು ಇನ್ನೊಂದು ಕೋಡು ಅಂಟಿಸಿದ್ದೆ. ಅವನು ಆ ಕೋಡನ್ನು ಮುರಿಯಲು ಹೋದ, ಅರ್ಧ ಒಣಗಿದ್ದ ತಲೆಯೇ ಕಿತ್ತು ಬಂತು. ಆ ದಿನದಿಂದ ಮಗು ಮಾಡಿದ ವಸ್ತುವಿಗೆ ನಾನು ಕೈ ಹಚ್ಚಿಲ್ಲ. ಕೈ ತಡೆಯಲಾಗದಿದ್ದರೆ ನಿಮ್ಮದೇ ಒಂದು ಮುದ್ದೆ ಮಣ್ಣು ಇಟ್ಟುಕೊಂಡು ಪಕ್ಕದಲ್ಲಿ ಕೂತು ಮಾಡಿ.

ಸೂಜಿ, ದಾರ, ನಾರು

ಕೌದಿ (ಹಳೇ ಬಟ್ಟೆಯ ಹೊದಿಕೆ) ಹೊಲಿಗೆ ಎಂಟು ವರ್ಷ ದಾಟಿದವರಿಗೆ. ಒಂದು ಗೇಣು ಚೌಕದ ಹಳೇ ಸೀರೆ ತುಂಡು ಮೂರು ಪದರ, ನಾಲ್ಕು ಮೂಲೆಗೂ ನೀವೇ ಟಾಕಿ ಹಾಕಿ ಕೊಡಿ. ಇಲ್ಲದಿದ್ದರೆ ಬಟ್ಟೆ ಜಾರುತ್ತದೆ. ಕಣ್ಣು ದೊಡ್ಡದಿರುವ ಸೂಜಿ, ಮೊಳದುದ್ದ ದಾರ, ಅದಕ್ಕಿಂತ ಉದ್ದ ಬೇಡ, ಗಂಟಾಗುತ್ತದೆ. ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಟ್ಟರೆ ಮೊದಲ ಗೆರೆ ಡೊಂಕಾದರೂ ಮೂರನೆಯದು ನೆಟ್ಟಗೆ ಬರುತ್ತದೆ. ಎಡಗೈ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ, ಎದುರಿಗೆ ಕೂರಿಸಿ. ಕನ್ನಡಿಯಲ್ಲಿ ನೋಡಿದ ಹಾಗೆ ನಿಮ್ಮ ಕೈ ನೋಡಿ ಹೊಲಿಯುತ್ತದೆ.

ಸೂಜಿ ಎಣಿಸಿ ಕೊಡಿ, ಎಣಿಸಿ ತಗೊಳ್ಳಿ. ಎಷ್ಟು ಕೊಟ್ಟಿರೋ ಅಷ್ಟೂ ಬರುವವರೆಗೆ ಯಾರೂ ಏಳುವ ಹಾಗಿಲ್ಲ. ಒಂದು ಅಯಸ್ಕಾಂತ ಇಟ್ಟುಕೊಂಡಿದ್ದೇನೆ, ಬಿದ್ದ ಸೂಜಿ ಹುಡುಕುವ ಕೆಲಸ ಮಕ್ಕಳಿಗೇ ಬಹಳ ಇಷ್ಟ. ಹತ್ತು ದಿನದ ಕೊನೆಗೆ ಎಲ್ಲ ಚೌಕಗಳನ್ನು ಸೇರಿಸಿ ನಾನು ಮಿಷನ್ನಿನಲ್ಲಿ ಜೋಡಿಸುತ್ತೇನೆ. ಹಾಗೆ ಆದ ಸಣ್ಣ ಕೌದಿಯನ್ನು ಆ ವರ್ಷ ಓಣಿಯಲ್ಲಿ ಹುಟ್ಟಿದ ಕೂಸಿಗೆ ಕೊಡುತ್ತೇವೆ.

ಬಾಳೆನಾರು ಸಿಕ್ಕರೆ ಒಂದು ದಿನ ಅದಕ್ಕಿಡಿ. ಗಂಗಾವತಿ ಹತ್ತಿರದ ಆನೆಗೊಂದಿಯಲ್ಲಿ ಹೆಣ್ಣುಮಕ್ಕಳು ಬಾಳೆನಾರಿನಿಂದ ಬುಟ್ಟಿ, ಚೀಲ, ಚಾಪೆ ಮಾಡುತ್ತಾರೆ. ನಾರನ್ನು ಸ್ವಲ್ಪ ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಂಡರೆ ಮಕ್ಕಳು ಮೂರೆಳೆ ಜಡೆ ಹೆಣೆಯುತ್ತಾರೆ, ಸುರುಳಿ ಸುತ್ತಿ ಹೊಲಿದರೆ ಬಿಸಿ ಪಾತ್ರೆ ಇಡುವ ಬಿಲ್ಲೆ ಆಗುತ್ತದೆ.

ಕಿನ್ನಾಳಕ್ಕೆ ಒಂದು ದಿನ

ಕೊಪ್ಪಳದವರಿಗೆ ಕಿನ್ನಾಳ ಹತ್ತಿರ. ಬಳ್ಳಾರಿ, ರಾಯಚೂರಿನಿಂದ ಬರುವವರೂ ಒಂದು ದಿನದಲ್ಲಿ ನೋಡಿಕೊಂಡು ಹೋಗಬಹುದು. ಅಲ್ಲಿನ ಚಿತ್ರಗಾರರು ಹಗುರ ಕಟ್ಟಿಗೆಯಲ್ಲಿ ಗೊಂಬೆ ಮಾಡುತ್ತಾರೆ. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳನ್ನು ಬರೆದವರು ಇವರ ಹಿರಿಯರು ಅನ್ನುವ ಮಾತಿದೆ. ಹೋಗುವ ಮೊದಲು ಹೇಳಿ ಕಳಿಸಿ, ಬೆಳಿಗ್ಗೆ ಬೇಗ ಹೋಗಿ, ಕೆಲಸಕ್ಕೆ ಅಡ್ಡ ಬರಬೇಡಿ. ಬರುವಾಗ ಒಂದಾದರೂ ಗೊಂಬೆ ಕೊಂಡುಕೊಳ್ಳಿ. ಅವರು ಹೊತ್ತು ಕೊಟ್ಟಿರುತ್ತಾರೆ.

ಅಲ್ಲಿ ನೋಡಿದ ಒಂದು ಸಂಗತಿ ಮಕ್ಕಳಿಗೆ ಮನೆಯಲ್ಲೂ ಮಾಡಲು ಬರುತ್ತದೆ. ಕಟ್ಟಿಗೆಯ ಪುಡಿಯನ್ನು ಹುಣಸೆ ಬೀಜದ ಅಂಟಿನಲ್ಲಿ ಕಲಸಿ ಕಿಟ್ಟ ಮಾಡುತ್ತಾರೆ, ಗೊಂಬೆಯ ಉಬ್ಬು ತಗ್ಗು ಅದರಿಂದ. ನಾವು ಹುಣಸೆ ಬೀಜ ಹುರಿದು, ಕುಟ್ಟಿ ಸಿಪ್ಪೆ ತೆಗೆದು, ಒಂದು ರಾತ್ರಿ ನೆನೆಸಿ, ಅರೆದು, ನೀರು ಹಾಕಿ ಕುದಿಸಿ ಅಂಟು ಮಾಡಿಕೊಳ್ಳುತ್ತೇವೆ. ಈ ಕೆಲಸ ನಿಮ್ಮದು, ರಾತ್ರಿಯದು. ಬಡಗಿಯ ಹತ್ತಿರ ತಂದ ಕಟ್ಟಿಗೆ ಪುಡಿಯನ್ನು ಸಣ್ಣ ಜರಡಿಯಲ್ಲಿ ಸಾಣಿಸಿ ಈ ಅಂಟಿನಲ್ಲಿ ಕಲಸಿದರೆ ಮೆತ್ತನೆಯ ಮುದ್ದೆ ಸಿಗುತ್ತದೆ. ಪ್ಲೈವುಡ್ ಕೊಯ್ದ ಪುಡಿ ಬೇಡ, ಅದರಲ್ಲಿ ಬೇರೆ ಗೋಂದು ಇರುತ್ತದೆ. ಮಕ್ಕಳು ಅದರಲ್ಲಿ ಗಿಳಿ, ಮಾವಿನಕಾಯಿ, ಬಾಳೆಹಣ್ಣು ಮಾಡುತ್ತಾರೆ. ನೆರಳಲ್ಲಿ ಮೂರು ನಾಲ್ಕು ದಿನ ಒಣಗಬೇಕು, ಹಾಗಾಗಿ ಇದನ್ನು ಐದನೇ ದಿನದೊಳಗೆ ಮಾಡಿಸಿಬಿಡಿ. ಒಂಬತ್ತನೇ ದಿನ ಬಣ್ಣ.

ಗಾಯ, ಉರಿ, ಅಳು

ಸುಟ್ಟರೆ ತಕ್ಷಣ ತಣ್ಣೀರು. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ, ಗಡಿಯಾರ ನೋಡಿಕೊಂಡು. ಪೇಸ್ಟು, ಅರಿಷಿಣ, ಐಸು ಏನೂ ಹಚ್ಚಬೇಡಿ. ಬೊಬ್ಬೆ ಬಂದರೆ ಒಡೆಯಬೇಡಿ, ದವಾಖಾನೆಗೆ ಕರೆದೊಯ್ಯಿರಿ. ತೊಟ್ಟಿಯ ನೀರು ಬೇಸಿಗೆಯಲ್ಲಿ ಬಿಸಿ ಇರುತ್ತದೆ ಅಂದೆನಲ್ಲ, ಅದಕ್ಕೇ ಒಲೆಯ ದಿನ ಮಡಕೆಯ ತಣ್ಣೀರು ಎರಡು ಕೊಡ ಬೇರೆಯೇ ತುಂಬಿಡುತ್ತೇನೆ.

ಹಸಿಮೆಣಸಿನಕಾಯಿ ಮುಟ್ಟಿದ ಕೈ ಕಣ್ಣಿಗೆ ಹೋದರೆ ಬರೀ ನೀರಿನಿಂದ ಕಣ್ಣು ತೊಳೆಯಿರಿ, ಉಜ್ಜಲು ಬಿಡಬೇಡಿ. ಕೈಯ ಉರಿಗೆ ಮೊದಲು ಎಣ್ಣೆ ತಿಕ್ಕಿ, ಆಮೇಲೆ ಸೋಪು. ಮೆಣಸಿನಕಾಯಿಯ ಖಾರ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಈಗ ಮೆಣಸಿನಕಾಯಿ ಹೆಚ್ಚುವುದನ್ನು ನಾನೇ ಇಟ್ಟುಕೊಂಡಿದ್ದೇನೆ.

ಅಳುವ ಮಗುವನ್ನು ಎಲ್ಲರ ನಡುವೆ ಸಮಾಧಾನ ಮಾಡಬೇಡಿ. "ಬಾರವ್ವಾ, ನೀರು ತರೋಣ" ಅಂತ ಹಿತ್ತಲಿಗೆ ಕರೆದುಕೊಂಡು ಹೋಗಿ.

ಕೊನೆಯ ದಿನ

ಹತ್ತನೇ ದಿನ ಮನೆಯವರಿಗೆಲ್ಲ ಮಂಡಕ್ಕಿ ವಗ್ಗರಣಿ. ಒಬ್ಬರಿಗೆ ಎರಡು ಬೊಗಸೆ ಮಂಡಕ್ಕಿ, ಅಳತೆ ಮಗುವಿನ ಬೊಗಸೆಯದು. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿದ ಕೂಡಲೇ ಹಿಂಡಿ ತೆಗೆಯಬೇಕು. ಚಿಕ್ಕವರಿಗೆ ಕೊಡಲೇಬೇಕಾದ ಕೆಲಸ ಇದು. ಮೊದಲ ಬೊಗಸೆ ಮುದ್ದೆಯಾಗುತ್ತದೆ, ಆಗಲಿ. ಎರಡನೆಯದಕ್ಕೆ ಎಷ್ಟು ಹೊತ್ತು ಅದ್ದಬೇಕು ಅಂತ ಅವರೇ ಕಂಡುಕೊಳ್ಳುತ್ತಾರೆ. ದೊಡ್ಡವರು ಉಳ್ಳಾಗಡ್ಡಿ, ಕೊತ್ತಂಬರಿ ಹೆಚ್ಚುತ್ತಾರೆ, ಪುಟಾಣಿ ಕುಟ್ಟಿ ಪುಡಿ ಮಾಡುತ್ತಾರೆ. ಎಣ್ಣೆ, ಸಾಸಿವೆ, ಕರಿಬೇವು, ಮೆಣಸಿನಕಾಯಿ, ಅರಿಷಿಣದ ವಗ್ಗರಣೆ ಅತ್ತಿಗೆಯದು. ಒಲೆ ಆರಿಸಿ, ಕೆಳಗಿಳಿಸಿದ ಮೇಲೆ ಮಕ್ಕಳು ಮಂಡಕ್ಕಿ ಹಾಕಿ ಕಲಸಿ, ಪುಟಾಣಿ ಪುಡಿ ಉದುರಿಸಿ, ಲಿಂಬೆಹಣ್ಣು ಹಿಂಡುತ್ತಾರೆ. ಜೊತೆಗೆ ಮಿರ್ಚಿ ಬಜ್ಜಿ ಬೇಕೇ ಬೇಕು ಅಂತ ಕೇಳುತ್ತಾರೆ. ಎಣ್ಣೆಯಲ್ಲಿ ಕರಿಯುವ ಕೆಲಸ ಮಕ್ಕಳ ಕ್ಲಾಸಿನಲ್ಲಿ ನಾನು ಇಡುವುದಿಲ್ಲ. ಮೂಲೆ ಅಂಗಡಿಯಿಂದ ತರಿಸುತ್ತೇನೆ.

ಆ ದಿನ ತಂದೆ ತಾಯಿ ಕೂರಬೇಕು, ಮಕ್ಕಳು ಬಡಿಸಬೇಕು. ಯಾರೂ ಎದ್ದು ಸಹಾಯ ಮಾಡುವ ಹಾಗಿಲ್ಲ ಅಂತ ಮೊದಲೇ ಹೇಳಿರುತ್ತೇನೆ. ಗೋಡೆಯ ಉದ್ದಕ್ಕೂ ಎತ್ತು, ಗಿಳಿ, ಬಿಲ್ಲೆ ಇಟ್ಟಿರುತ್ತೇವೆ, ಹೆಸರಿನ ಚೀಟಿ ಸಮೇತ. ಬಹುಮಾನ ಕೊಡುವುದಿಲ್ಲ. ಒಬ್ಬರಿಗೆ ಕೊಟ್ಟರೆ ಹನ್ನೊಂದು ಮಕ್ಕಳು ತಮ್ಮ ಎತ್ತನ್ನು ಕೆಳಗಿಟ್ಟು ಆ ಒಂದನ್ನೇ ನೋಡುತ್ತಾರೆ.

ಎಲ್ಲ ಮುಗಿದ ಮೇಲೆ ಸೂಜಿಗಳಿಗೆ ಎಣ್ಣೆ ಸವರಿ ಡಬ್ಬಿಗೆ ಹಾಕಿ. ಉಳಿದ ಕಟ್ಟಿಗೆ ಪುಡಿ ಒಣಗಿಸಿ ಚೀಲ ಕಟ್ಟಿ. ಹುಣಸೆ ಅಂಟು ಇಡಲು ಬರುವುದಿಲ್ಲ, ಎರಡು ದಿನಕ್ಕೆ ಹಳಸುತ್ತದೆ, ಚೆಲ್ಲಿಬಿಡಿ. ಮಣ್ಣಿನ ಬಕೆಟ್ ಮಾತ್ರ ಖಾಲಿ ಮಾಡಬೇಡಿ. ಮೇಲೆ ಹಸಿ ಗೋಣಿಚೀಲ ಮುಚ್ಚಿ, ಎರಡು ದಿನಕ್ಕೊಮ್ಮೆ ನೀರು ಚಿಮುಕಿಸಿ ಹಿತ್ತಲ ನೆರಳಲ್ಲಿ ಇಡಿ. ಕಾರಹುಣ್ಣಿಮೆ ಕಳೆದ ಮೇಲೆ ಮಕ್ಕಳು ಒಬ್ಬೊಬ್ಬರೇ ತಟ್ಟೆ ಹಿಡಿದು ಬರುತ್ತಾರೆ. "ಅಕ್ಕಾರ, ಎರಡ ಎತ್ತಿಗೆ ಆಗೂವಷ್ಟ ಮಣ್ಣ ಕೊಡ್ರಿ."